ಮನೆಯ ಕಾಗದದ ಗಂಟು

ವಚನವಾಙ್ಮಯವನ್ನು ಅಭ್ಯಾಸಮಾಡುವವರು ವಚನದ ಅರ್ಥವನ್ನು ಕುರಿತು ವಿಚಾರಮಾಡುವುದುಂಟು. ವಚನಕಾರರ ಕಾಲ, ಅಂಕಿತ, ಸ್ಥಲಗಳನ್ನು ಕುರಿತು ಚರ್ಚಿಸುವುದೂ ಉಂಟು. ಆದರೆ ಆ ವಚನವು ತಮ್ಮ ಕೈಗೆ ಯಾವ ದಾರಿಯಿಂದ ಬಂದಿತು, ನಡುವೆ ಎಷ್ಟು ಮನೆಗಳ ಅಟ್ಟದ ಮೇಲೆ, ಎಷ್ಟು ಮಠಗಳ ಪೆಟ್ಟಿಗೆಗಳೊಳಗೆ ಅದು ಕಾಲ ಕಳೆಯಿತು, ಯಾರು ಅದನ್ನು ಬಿಚ್ಚಿ ಕಟ್ಟಿ ಕಾಪಾಡಿದರು ಎಂಬುದನ್ನು ವಿಚಾರಿಸುವವರು ವಿರಳ. ಪಠ್ಯವು ದೊರೆತ ಮೇಲೆ ಅದನ್ನು ಸುತ್ತಿಕೊಂಡಿದ್ದ ಬಟ್ಟೆಯನ್ನು ಯಾರು ನೋಡುತ್ತಾರೆ? ಈ ಅಲಕ್ಷ್ಯದಿಂದ ನಮಗೆ ಆಗಿರುವ ನಷ್ಟವು ಸಣ್ಣದಲ್ಲವೆಂಬುದನ್ನು ಈ ಲೇಖನದಲ್ಲಿ ವಾಚಕರ ಮುಂದಿಡಬೇಕೆಂದಿದ್ದೇನೆ.

ಇದನ್ನು ಬರೆಯಬೇಕೆನಿಸಿದುದು ಈಚೆಗೆ ಕೊಡಿಗೇನಹಳ್ಳಿಯ ಕಡೆ ನಡೆದ ಒಂದು ಮಾತುಕತೆಯಿಂದ. ಕೊಡಿಗೇನಹಳ್ಳಿಯು ಮಧುಗಿರಿ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯ ಊರು. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿಯು ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಆಂಧ್ರಕ್ಕೆ ಇಳಿದು ಉತ್ತರ ಪಿನಾಕಿನಿಯನ್ನು ಸೇರುವುದು ಈ ಭಾಗದಿಂದಲೇ. ಹತ್ತಿರದ ಮೈದೇನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗಗಳ ಹಿಂಡುಗಳಿವೆ. ‘ಕೊಡಿಗೆ’ ಎಂಬುದು ನಮ್ಮ ಶಾಸನಗಳಲ್ಲಿ ಕೆರೆಕಟ್ಟೆಯ ಸೇವೆಗೋ ವೀರನ ಬಲಿದಾನಕ್ಕೋ ಕೊಟ್ಟ ಭೂಮಿಗೆ ಮತ್ತೆ ಮತ್ತೆ ಬರುವ ಮಾತು. ಅದೇ ಮಾತು ಈ ಊರಿನ ಹೆಸರಿನಲ್ಲಿ ಕೇಳಿಸುತ್ತದೆ. ಹೆಸರಿನಲ್ಲಿಯೇ ಒಂದು ದಾನಪತ್ರವನ್ನು ಹೊತ್ತುಕೊಂಡ ಊರಿನಲ್ಲಿ ದಾಖಲೆಯನ್ನು ಕುರಿತ ಪ್ರಶ್ನೆಯೊಂದು ಎದ್ದುದು ನನಗೆ ಸೋಜಿಗವೆನಿಸಿತು.

ಸಂಜೆಯ ಶಿವಾನುಭವಗೋಷ್ಠಿ ಮುಗಿದ ಮೇಲೆ ಸಮೀಪದ ಹಳ್ಳಿಯ ಒಬ್ಬ ಗೃಹಸ್ಥರು ತಮ್ಮ ಮನೆಗೆ ಕರೆದೊಯ್ದರು. ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟಿಸುವ ಸನ್ನಾಹದಲ್ಲಿದ್ದರು. ಅಟ್ಟದಿಂದ ಇಳಿಸಿದ ಕಂಬಳಿಯ ಗಂಟೊಂದು ಪಡಸಾಲೆಯಲ್ಲಿತ್ತು. ಅದರೊಳಗೆ ವಿಭೂತಿ ಹಚ್ಚಿದ ಒಂದು ಓಲೆಯ ಕಟ್ಟು, ಕಪ್ಪು ಬಟ್ಟೆಯ ಎರಡು ಮಡಿಕೆಗಳು, ದಾರದಲ್ಲಿ ಪೋಣಿಸಿದ ಅಂಚೆಯ ಕಾರ್ಡುಗಳು, ಕೆಲವು ಛಾಪಾಕಾಗದಗಳು, ಲೆಕ್ಕದ ಚೀಟಿಗಳು ಇದ್ದುವು. ಯಜಮಾನರು ಓಲೆಯ ಕಟ್ಟನ್ನು ಎತ್ತಿ ಕಣ್ಣಿಗೊತ್ತಿಕೊಂಡು ಬೇರೆ ಇಟ್ಟರು.

“ಓಲೆಗರಿ ಮನೆದೇವ್ರ ಹಂಗೆ ಮೇಷ್ಟ್ರೇ, ಶಿವರಾತ್ರೀಲಿ ಪೂಜೆ ಮಾಡ್ತೀವಿ. ಅದನ್ನ ಇಟ್ಕೊತೀವಿ. ಈ ಹಾಳು ಕಾಗ್ದ ಎಲ್ಲಾ ಒಲೆಗೆ ಹಾಕ್ಬಿಡಾನ ಅಂತ. ಏನಂತೀರಾ?” ಎಂದು ಕೇಳಿದರು.

ಕೂಡಲೇ ಉತ್ತರ ಹೇಳಲು ನನಗೆ ಆಗಲಿಲ್ಲ. ಏಕೆಂದರೆ ಅವರು ಮಾಡಲು ಹೊರಟಿದ್ದುದು, ಅಂದರೆ ಓಲೆಯನ್ನು ಪೂಜಿಸಿ ಅದರ ಜೊತೆಗಿದ್ದ ಕಾಗದವನ್ನು ಸುಡುವುದು, ಆ ಒಂದು ಮನೆಯ ಪದ್ಧತಿಯಲ್ಲ. ನಮ್ಮ ಸಮಾಜವೇ, ನಮ್ಮ ಮಠಗಳೇ, ಒಂದು ಮಟ್ಟಿಗೆ ನಮ್ಮ ವಿದ್ವಾಂಸರೇ ಬಹುಕಾಲ ನಡೆದುಕೊಂಡು ಬಂದ ರೀತಿ ಅದು.

ಓಲೆಯ ಕಟ್ಟನ್ನೇ ಮೊದಲು ವಿಚಾರಿಸೋಣ. ಹನ್ನೆರಡನೆಯ ಶತಮಾನದ ಶರಣರ ಮಾತುಗಳು ಇಂದಿಗೆ ಉಳಿದಿರುವುದು ಅವರ ಕೈಬರಹದಲ್ಲಲ್ಲ. ಬಹುಮಟ್ಟಿಗೆ ಹದಿನೈದನೆಯ ಶತಮಾನ ಮತ್ತು ಅನಂತರದ ಸಂಕಲನಕಾರರೂ ಪ್ರತಿಕಾರರೂ ಬರೆದಿಟ್ಟ ಓಲೆಗಳಲ್ಲಿ. ಈ ಕಾರ್ಯದಲ್ಲಿ ತುಮಕೂರು ಸೀಮೆಯ ಪಾಲು ದೊಡ್ಡದು. ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಸುತ್ತ ನೆರೆದ ವಿರಕ್ತರ ಪರಂಪರೆ, ಗುಬ್ಬಿಯ ಮಲ್ಲಣಾರ್ಯ, ಶೂನ್ಯಸಂಪಾದನೆಯ ನಾಲ್ಕು ಪಾಠಗಳಲ್ಲಿ ಕಡೆಯದನ್ನು ಸಿದ್ಧಪಡಿಸಿದ ಗೂಳೂರು ಸಿದ್ಧವೀರಣ್ಣೊಡೆಯರು, ಇವರೆಲ್ಲರೂ ಈ ನೆಲದ ಸಂಬಂಧದವರು. ಹಾಗೆ ಸಂಕಲಿತವಾದ ಕಟ್ಟುಗಳನ್ನು ಊರೂರಿನ ಓದುಬರಹ ಬಲ್ಲವರು ಪ್ರತಿಮಾಡಿಕೊಂಡರು. ಪ್ರತಿಯ ಕೊನೆಯಲ್ಲಿ ಕೆಲವರು ಇಂಥ ಸಂವತ್ಸರದ ಇಂಥ ತಿಥಿಯಲ್ಲಿ, ಇಂಥವರ ಓದಿಗಾಗಿ, ಇಂಥ ಊರಿನ ಇಂಥವನು ಬರೆದು ಮುಗಿಸಿದನೆಂದು ಎರಡು ಸಾಲು ಸೇರಿಸಿದರು. ತಪ್ಪಿದ್ದರೆ ತಿದ್ದಿ ಓದಬೇಕೆಂಬ ಬಿನ್ನಹವನ್ನೂ ಮಾಡಿಕೊಂಡರು. ಈ ಎರಡು ಸಾಲು ವಚನವಲ್ಲ, ಶಾಸ್ತ್ರವೂ ಅಲ್ಲ. ಒಬ್ಬ ಸಾಮಾನ್ಯನು ಮುಂದಿನ ಓದುಗನಿಗೆ ಬರೆದ ಪತ್ರ. ಅಚ್ಚಿನ ಕಾಲ ಬಂದಾಗ ಅನೇಕ ಪ್ರಕಾಶಕರು ವಚನಗಳನ್ನು ಉಳಿಸಿಕೊಂಡು ಈ ಸಾಲುಗಳನ್ನು ಬಿಟ್ಟುಬಿಟ್ಟರು. ಪುಣ್ಯಕ್ಕೆ ಓಲೆಯ ಮೇಲೆ ಅವು ಇನ್ನೂ ಇವೆ.

ವಚನಗಳನ್ನು ಮನೆಮನೆಯಿಂದ ಹೊರತಂದವರಲ್ಲಿ ಅಗ್ರಗಣ್ಯರಾದ ಫ. ಗು. ಹಳಕಟ್ಟಿಯವರ ಕಥೆಯನ್ನು ಈ ದೃಷ್ಟಿಯಿಂದ ನೋಡಬೇಕು. ಅವರು 1880ನೆಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ಕಾನೂನು ಓದಿ ವಿಜಾಪುರದಲ್ಲಿ ವಕೀಲಿ ನಡೆಸಿದರು. 1910ರಲ್ಲಿ ಅಲ್ಲಿ ವಿದ್ಯಾಸಂಸ್ಥೆಯೊಂದರ ಸ್ಥಾಪನೆಗೆ ಕಾರಣರಾದರು. ವೃತ್ತಿಯ ನಡುವೆ ಹಳ್ಳಿಗಳನ್ನೂ ಮಠಗಳನ್ನೂ ಸುತ್ತಿ ಓಲೆಪ್ರತಿಗಳನ್ನು ಕಲೆಹಾಕಿದರು. ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಕಟ್ಟನ್ನು ಅಪರಿಚಿತನಾದ ವಕೀಲನೊಬ್ಬನು ಬಂದು ಕೇಳಿದರೆ ಯಾರು ತಾನೇ ಸುಲಭವಾಗಿ ಕೊಟ್ಟಾರು? 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಬೆಳಕಿಗೆ ಬಂದಿತು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಅವರು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನು ಮಾರಿದರೆಂಬುದು ಪ್ರಸಿದ್ಧವಾದ ಸಂಗತಿ. 1926ರಲ್ಲಿಯೇ ಬಳ್ಳಾರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದಿತು. 1964ನೆಯ ಜೂನ್ 29ರಂದು ಅವರು ಲಿಂಗೈಕ್ಯರಾದರು.

ಈಗ ಒಂದು ಪ್ರಸಂಗ. ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯನ್ನು ಹಳಕಟ್ಟಿಯವರು ಮೊದಲು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳುಹಿಸಿದರೆಂದೂ, ಅದರಲ್ಲಿಯ ತತ್ತ್ವಗಳು ತಮ್ಮ ಮತಪ್ರಚಾರಕ್ಕೆ ಎದುರಾದಾವೆಂದು ಅಳುಕಿ ಮುದ್ರಣಾಲಯದವರು ಅದನ್ನು ಹಿಂದಿರುಗಿಸಿದರೆಂದೂ ಅವರ ಜೀವನಚರಿತ್ರೆಗಳು ಹೇಳುತ್ತವೆ. ಈ ಕಥೆಯನ್ನು ನಾವು ನೂರಾರು ವೇದಿಕೆಗಳಲ್ಲಿ ಕೇಳಿದ್ದೇವೆ. ನಾನೇ ಹೇಳಿಯೂ ಇದ್ದೇನೆ. ಹೇಳುವಾಗ ಸಭೆಯಲ್ಲಿ ಚಪ್ಪಾಳೆ ಬೀಳುವುದೂ ಉಂಟು. ಆದರೆ ನ್ಯಾಯವಾಗಿ ವಿಚಾರಮಾಡುವವನು ಕೇಳಬೇಕಾದುದು ಬೇರೆ: ಹಿಂದಿರುಗಿಸಿದಾಗ ಮುದ್ರಣಾಲಯದವರು ಬರೆದ ಮಾತುಗಳೇನು? ಅಳುಕಿದೆವೆಂದು ಅವರೇ ಬರೆದರೋ, ಬೇರೆ ಕಾರಣ ಕೊಟ್ಟರೋ, ಅಳುಕೆಂಬುದು ಅನಂತರದವರ ಊಹೆಯೋ? ಇದನ್ನು ಭಾಷಣದಿಂದ ತೀರ್ಮಾನಿಸಲಾಗದು. ಪತ್ರದಿಂದ ಮಾತ್ರ ಆಗತಕ್ಕದ್ದು. ಆ ಮಿಷನ್ನಿನವರು ತಮ್ಮ ಪಾದ್ರಿಗಳ ಪತ್ರಗಳನ್ನೂ ವರದಿಗಳನ್ನೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಎದುರು ಪಕ್ಷದವರೆಂದು ನಾವು ಎಣಿಸುವವರ ಕಾಗದ ಸುರಕ್ಷಿತವಾಗಿದ್ದು, ನಮ್ಮ ಕಡೆಯ ಕಾಗದ ಒಲೆಗೆ ಹೋಗಿದ್ದರೆ, ನಾಳೆಯ ಚರಿತ್ರಕಾರನು ಯಾರ ಮಾತನ್ನು ಕೇಳಬೇಕು?

ಇನ್ನೊಂದು ಸಂಗತಿಯನ್ನೂ ಮರೆಯಲಾಗದು. ಅದೇ ಬಾಸೆಲ್ ಮಿಷನ್ನಿನಲ್ಲಿ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು 1924ರಲ್ಲಿ ಸರ್ವಜ್ಞನ ವಚನಗಳ ಬೃಹತ್ ಸಂಗ್ರಹವನ್ನು ಹೊರತಂದರು. ಮುಂದೆ ಅನುಭವಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿ ಬರೆದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಒಂದೇ ಸಂಸ್ಥೆಯ ಕಥೆಯಲ್ಲಿ ತಿರಸ್ಕಾರವೂ ಇದೆ, ಉತ್ತಂಗಿಯವರಂಥವರ ಸೇವೆಯೂ ಇದೆ. ಕಾಗದವಿಲ್ಲದ ಕಡೆ ನೆನಪು ಸರಳವಾದುದನ್ನೇ ಆರಿಸಿಕೊಳ್ಳುತ್ತದೆ.

ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರವು ಇಂದು ವಿಜಯಪುರದಲ್ಲಿ ಇದೆ. ಅವರು ಕೂಡಿಸಿದ ಓಲೆಪ್ರತಿಗಳಿಗೆ ಅದು ಆಶ್ರಯವಾಗಿದೆ. ಸರ್ಕಾರವು 1993ರಲ್ಲಿ ಸಮಗ್ರ ವಚನಸಂಪುಟಗಳನ್ನು 15 ಭಾಗಗಳಲ್ಲಿ ಪ್ರಕಟಿಸಿತು. ವಚನಗಳ ಮಟ್ಟಿಗೆ ನಾವು ಅನಾಥರಲ್ಲ. ಆದರೆ ಓಲೆಯನ್ನು ಕೊಡಿರೆಂದು ಬೇಡಿದ ಪತ್ರ, ಕೊಡುವುದಿಲ್ಲವೆಂದ ಉತ್ತರ, ಪ್ರತಿಮಾಡಿಕೊಂಡು ಹಿಂದಿರುಗಿಸಿದುದರ ರಸೀತಿ, ಕಟ್ಟು ಕೈಬಿಟ್ಟ ಮೇಲೆ ಮುದುಕಿಯೊಬ್ಬಳು ಪಟ್ಟ ಸಂಕಟವನ್ನು ಮಗನು ಬರೆದುಕೊಂಡ ಕಾರ್ಡು, ಇಂಥವು ನಾಡಿನ ಎಷ್ಟು ಮನೆಗಳಲ್ಲಿ ಹುಟ್ಟಿರಬೇಕು! ಅವು ಮನೆಗಳಲ್ಲಿ ಉಳಿದರೆ ಉಳಿದುವು. ಇಲ್ಲದಿದ್ದರೆ ಯಾವ ಸಂಪುಟವೂ ಅವನ್ನು ಮತ್ತೆ ತಂದುಕೊಡದು.

ಗಂಟಿನೊಳಗಿನ ಪತ್ರಗಳು ಎಂಥ ಕೆಲಸ ಮಾಡಬಲ್ಲವೆಂಬುದಕ್ಕೆ ಬೇರೊಂದು ಮಠದ ನಿದರ್ಶನವಿದೆ. 1916ರಲ್ಲಿ ಮೈಸೂರು ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ಶೃಂಗೇರಿಯಲ್ಲಿ ಪತ್ರಗಳ ಕಟ್ಟೊಂದನ್ನು ಕಂಡರು. ನಮಗೆ ‘ಕರ್ನಾಟಕ ಕವಿಚರಿತೆ’ಯನ್ನು ಕೊಟ್ಟು, ಎಷ್ಟೋ ವಚನಕಾರರ ಹೆಸರನ್ನು ಮೊದಲು ಪಟ್ಟಿಮಾಡಿದವರೂ ಇವರೇ. ಆ ಕಟ್ಟಿನಲ್ಲಿ ಟಿಪ್ಪು ಸುಲ್ತಾನನು ಅಲ್ಲಿಯ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಸುಮಾರು 30 ಪತ್ರಗಳಿದ್ದುವು. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿಯನ್ನು ಕೊಳ್ಳೆಹೊಡೆದ ಬಳಿಕ, ಶಾರದೆಯ ಪುನಃಪ್ರತಿಷ್ಠೆಗಾಗಿ ಹಣವನ್ನೂ ಧಾನ್ಯವನ್ನೂ ಒದಗಿಸುವಂತೆ ಅವನು ಮಾಡಿದ ಏರ್ಪಾಡು ಅವುಗಳಿಂದ ತಿಳಿದುಬಂದಿತು. ಈ ಪತ್ರಗಳನ್ನು ಇಟ್ಟುಕೊಂಡು ಆ ರಾಜನನ್ನು ಹೊಗಳುವವರೂ ಇದ್ದಾರೆ, ಇವು ಕೇವಲ ರಾಜತಂತ್ರವೆನ್ನುವವರೂ ಇದ್ದಾರೆ. ಆ ವಾದ ಇಲ್ಲಿ ಬೇಡ. ವಾದಿಸುವ ಇಬ್ಬರಿಗೂ ಆಧಾರವಾಗಿ ಒಂದು ಕಟ್ಟು ಉಳಿದಿದೆಯಲ್ಲ, ಅಷ್ಟು ಸಾಕು. 1791ರಿಂದ 1916ರವರೆಗೆ 125 ವರ್ಷ ಆ ಮಠದ ಯಾವ ಪಾರುಪತ್ಯಗಾರನೂ ಅದನ್ನು ಹಾಳು ಕಾಗದವೆಂದು ಒಲೆಗೆ ಹಾಕಲಿಲ್ಲ.

ನಮ್ಮ ಕೊಡಿಗೇನಹಳ್ಳಿಯ ಸೀಮೆಯಲ್ಲಿ ಇಂಥ ಕಾಗದಗಳು ವಿಶೇಷವಾಗಿ ಹುಟ್ಟಲು ಕಾರಣವಿದೆ. ಮಧುಗಿರಿಯು ಪಾಳೆಯಗಾರರ ಕೈಯಿಂದ 1678ರಲ್ಲಿ ಮೈಸೂರಿನ ಕೈಸೇರಿತು. ನೆರೆಯ ಸಿರಾವನ್ನು 1638ರಲ್ಲಿ ವಿಜಾಪುರದ ರಣದುಲ್ಲಾಖಾನನು ಗೆದ್ದನು. 1687ರಲ್ಲಿ ಅದು ಮೊಗಲರ ಸುಭೆಯ ರಾಜಧಾನಿಯಾಯಿತು. 1757ರಲ್ಲಿ ಮರಾಠರಿಗೆ, 1761ರಲ್ಲಿ ಹೈದರನಿಗೆ ಹೋಯಿತು. ಪಾವಗಡವಂತೂ ಮೂರು ಕಡೆಯಿಂದ ತೆಲುಗು ನಾಡಿನೊಳಕ್ಕೆ ಚಾಚಿಕೊಂಡಿದೆ. ಹೀಗೆ ದೊರೆ ಬದಲಾದಂತೆ ಕಂದಾಯದ ಭಾಷೆಯೂ ಬದಲಾಯಿತು. ಜನರ ಮನೆಯಲ್ಲಿ ಮಾತ್ರ ಹಳೆಯ ದೊರೆಯ ಕಾಗದ ಉಳಿಯಿತು, ಏಕೆಂದರೆ ಹೊಲದ ಹಕ್ಕಿಗೆ ಅದೇ ಆಧಾರ. ಆದುದರಿಂದ ಈ ಸೀಮೆಯ ಹಳೆಯ ಗಂಟುಗಳಲ್ಲಿ ಕನ್ನಡದ ಪಕ್ಕದಲ್ಲಿ ತೆಲುಗು, ಮೋಡಿಯ ಮರಾಠಿ, ಪಾರಸಿಯ ಮೊಹರು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಓದಲು ಬಾರದ ಲಿಪಿಯೆಂದು ಎಸೆಯುವವರಿದ್ದಾರೆ. ಓದಲು ಬಾರದುದು ನಮ್ಮ ಕೊರತೆಯೇ ಹೊರತು ಕಾಗದದ ದೋಷವಲ್ಲ.

ಗೃಹಸ್ಥರ ಗಂಟಿನ ಕಪ್ಪು ಬಟ್ಟೆಯ ಮಡಿಕೆಗಳು ಕಡತಗಳು. ಇಂದಿನವರು ಕಡತವೆಂದರೆ ಕಚೇರಿಯ ಫೈಲೆಂದು ತಿಳಿಯುತ್ತಾರೆ. ಹಿಂದೆ ಅದು ನಿಜವಾಗಿ ಬಟ್ಟೆಯ ಪುಸ್ತಕ: ಉದ್ದನೆಯ ಹತ್ತಿಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಹಿಂದುಮುಂದಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. 1810ರಲ್ಲಿ ಮೈಸೂರಿನ ಚರಿತ್ರೆಯ ಮೊದಲನೆಯ ಸಂಪುಟವನ್ನು ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಎಂಬ ಆಂಗ್ಲ ಅಧಿಕಾರಿಯು ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಬಳಪದ ಬರಹವು ಬೇಕಾದಾಗ ಅಳಿಸಿ ಬರೆಯಲು ಅನುಕೂಲ. ಅಷ್ಟೇ ಸುಲಭವಾಗಿ ಅಳಿದುಹೋಗುವ ಅಪಾಯವೂ ಉಂಟು. ಆ ಮನೆಯ ಸೊಸೆಯು ಒದ್ದೆಯ ಬಟ್ಟೆ ಹಿಡಿದು, “ಧೂಳು ಕೂತೈತೆ, ಒರೆಸಿ ಕೊಡ್ಲಾ ಸಾರ್?” ಎಂದು ಮುಂದೆ ಬಂದಾಗ ನಾನು ಕೂಗಿದ ದನಿ ಕೇಳಿ ಹೊರಗೆ ಕಟ್ಟಿದ್ದ ಕರುವು ಬೆದರಿತು. ಒಂದು ಸಲ ಒರೆಸಿದ್ದರೆ ನೂರಾರು ವರ್ಷದ ಲೆಕ್ಕವು ಬಟ್ಟೆಗೆ ಹತ್ತಿಕೊಂಡು ಹೋಗುತ್ತಿತ್ತು.

ಅಂಚೆಯ ಕಾರ್ಡುಗಳನ್ನು ಓದುವುದರಲ್ಲಿ ಒಂದು ಸಣ್ಣ ಪಾಠವಿದೆ. ಹಿರಿಯರು ಇಸವಿಯನ್ನು ಬರೆಯದೆ ಸಂವತ್ಸರವನ್ನು ಮಾತ್ರ ಬರೆಯುತ್ತಿದ್ದರು. ಸಂವತ್ಸರವು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಬರಿಯ ‘ಪ್ಲವ’ ಎಂಬ ಮಾತಿನಿಂದ ಕಾಲವು ನಿಶ್ಚಯವಾಗದು. ಅದು 1841, 1901, 1961 ಯಾವುದೂ ಆಗಬಹುದು. ಆದರೆ ನಮ್ಮ ದೇಶದಲ್ಲಿ ಕಾಲಾಣೆಯ ಕಾರ್ಡು ಬಳಕೆಗೆ ಬಂದುದು 1879ರ ಜುಲೈಯಲ್ಲಿ. ಆದುದರಿಂದ ವಿಕ್ಟೋರಿಯಾ ರಾಣಿಯ ತಲೆಯುಳ್ಳ ಕಾರ್ಡಿನಲ್ಲಿ ಪ್ಲವ ಸಂವತ್ಸರವಿದ್ದರೆ ಅದು 1901ರಿಂದ 1902ರ ನಡುವಣ ಯುಗಾದಿಯ ವರ್ಷವೇ ಸರಿ. ಶಾಲಿವಾಹನ ಶಕವನ್ನು ಕೊಟ್ಟಿದ್ದರೆ ಕೆಲಸ ಇನ್ನೂ ಸುಲಭ: ಶಕ 1823ಕ್ಕೆ 78 ಕೂಡಿಸಿದರೆ ಅದೇ 1901. ಆ ಮನೆಯ ದಾರದಲ್ಲಿ ಅಂಥ ಕಾರ್ಡೊಂದು ಸಿಕ್ಕಿತು. ಬರೆದವರು ಮಳೆ ಇಲ್ಲದ ಸುದ್ದಿಯನ್ನೂ ಎತ್ತಿಗೆ ಬಂದ ಬೇನೆಯನ್ನೂ ಬರೆದು, ಕೊನೆಗೆ ‘ತಾವು ಕೊಟ್ಟ ಗ್ರಂಥ ಪ್ರತಿ ಆಗುತ್ತಾ ಇದೆ, ಶ್ರಾವಣಕ್ಕೆ ತಲುಪಿಸುತ್ತೇವೆ’ ಎಂಬರ್ಥದ ಮಾತನ್ನು ಸೇರಿಸಿದ್ದರು. ಯಜಮಾನರು ಕಣ್ಣಿಗೊತ್ತಿಕೊಂಡಿದ್ದ ಓಲೆಯ ಕಟ್ಟು ಒಂದು ಸಲ ಮನೆ ಬಿಟ್ಟು ಹೋಗಿ ಬಂದುದಕ್ಕೂ, ಅದರ ಇನ್ನೊಂದು ಪ್ರತಿ ಯಾವುದೋ ಊರಿನಲ್ಲಿ ಇರಬಹುದೆಂಬುದಕ್ಕೂ ಇದ್ದ ಸುಳಿವು ಆ ಹಾಳು ಕಾಗದದಲ್ಲಿತ್ತು. ಅದನ್ನು ಓದಿ ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಂಥ ಗಂಟನ್ನು ಹೇಗೆ ಇಡಬೇಕೆಂದು ಕೇಳಿದರು. ನಾನು ತಜ್ಞನಲ್ಲ, ಬಲ್ಲವರಿಂದ ಕಲಿತುದನ್ನು ಹೇಳಿದೆ. ಎಲ್ಲಕ್ಕಿಂತ ಮೊದಲ ಮಾತು, ಇದ್ದ ಕ್ರಮವನ್ನು ಕೆಡಿಸಬಾರದು. ಯಾವ ಚೀಟಿಯು ಯಾವ ಚೀಟಿಯ ಪಕ್ಕದಲ್ಲಿ ಇತ್ತೆಂಬುದೇ ಅನೇಕ ವೇಳೆ ಅದರ ಅರ್ಥ. ಒಂದು ಮನೆಯ ಕಾಗದಗಳು ಒಂದೇ ಕಡೆ ಇರಬೇಕೆಂಬುದು ಪತ್ರಾಗಾರದವರ ಮೂಲಸೂತ್ರ. ಚೆನ್ನಾದುದನ್ನು ಆರಿಸಿ ಉಳಿದುದನ್ನು ಬಿಡುವುದು ಅವರಲ್ಲಿ ಅಪರಾಧ. ಗುಂಡುಸೂಜಿ ತುಕ್ಕು ಹಿಡಿಯುತ್ತದೆ, ಅಂಟುಪಟ್ಟಿ ಕಾಲಕ್ರಮದಲ್ಲಿ ಕಾಗದವನ್ನೇ ತಿನ್ನುತ್ತದೆ, ಪ್ಲಾಸ್ಟಿಕ್ ಹಾಳೆಯೊಳಗೆ ಬಿಸಿಯಾಗಿ ಒತ್ತಿಸುವ ಲ್ಯಾಮಿನೇಷನ್ ಎಂಬುದು ಒಮ್ಮೆ ಆದರೆ ಬಿಡಿಸಲಾಗದು. ಗಂಜಿ ಹಾಕದ, ತೊಳೆದು ಒಣಗಿಸಿದ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೂ ನೆಲಕ್ಕೂ ತಾಗದ ಪೆಟ್ಟಿಗೆಯಲ್ಲಿಟ್ಟು, ವರ್ಷಕ್ಕೆ ಎರಡು ಮೂರು ಸಲ ಬಿಚ್ಚಿ ನೋಡಿದರೆ ಸಾಕು. ನಮ್ಮ ಸೀಮೆಯಲ್ಲಿ ಮಳೆ ಕಡಿಮೆಯಾದುದರಿಂದ ಮಲೆನಾಡಿನಷ್ಟು ಬೂಷ್ಟಿನ ಭಯವಿಲ್ಲ, ಗೆದ್ದಲಿನದೇ ಭಯ. ಓಲೆಗೆ ನಿಂಬೆಹುಲ್ಲಿನ ಎಣ್ಣೆಯನ್ನು ಹಚ್ಚುವ ಪದ್ಧತಿಯುಂಟು. ಅದನ್ನು ಕೈಪಳಗಿದವರಿಂದಲೇ ಮಾಡಿಸಬೇಕು. ವಿಭೂತಿ, ಕುಂಕುಮಗಳನ್ನು ಮೇಲಿನ ಹಲಗೆಗೆ ಹಚ್ಚಲಿ, ಗರಿಗೆ ಬೇಡ. ಈಗ ಎಲ್ಲರ ಕೈಯಲ್ಲಿರುವ ಮೊಬೈಲ್ ಫೋನಿನಿಂದಲೇ ಒಂದೊಂದು ಕಾಗದದ ಎರಡು ಮಗ್ಗುಲನ್ನೂ ಕ್ರಮವಾಗಿ ಚಿತ್ರ ತೆಗೆದಿಡಬಹುದು. ಮೂಲವನ್ನು ಮನೆಯಲ್ಲಿ ಕಾಪಾಡಲಾರದವರು ಬೆಂಗಳೂರಿನ ರಾಜ್ಯ ಪತ್ರಾಗಾರವನ್ನೋ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೋ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗವನ್ನೋ ವಿಚಾರಿಸಬಹುದು. 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯು ಸರ್ಕಾರದ ಕಚೇರಿಗಳ ಕಾಗದಕ್ಕೆ ಸಂಬಂಧಿಸಿದ್ದು. ಮನೆಯ ಕಾಗದಕ್ಕೆ ಮನೆಯವರೇ ಕಾಯಿದೆ.

ಇಷ್ಟು ಹೇಳಿ ಏಳಬೇಕೆಂದಿದ್ದೆ. ಆಗ ಯಜಮಾನರು ಛಾಪಾಕಾಗದಗಳ ನಡುವಿನಿಂದ ಒಂದನ್ನು ತೆಗೆದು ನನ್ನ ಕೈಗಿತ್ತರು. ಸುಡಬೇಕೆಂಬ ಮಾತಿನ ನಿಜವಾದ ಕಾರಣ ಅದರಲ್ಲಿತ್ತು. ಅವರ ತಾತನವರು ಮದುವೆಯ ಖರ್ಚಿಗೆಂದು ಒಬ್ಬನಿಗೆ ಕೊಟ್ಟ ಸಣ್ಣ ಮೊತ್ತದ ಸಾಲಕ್ಕೆ, ಅದು ತೀರುವವರೆಗೆ ಆತನೂ ಆತನ ಮಗನೂ ಮನೆಯಲ್ಲಿ ಜೀತಕ್ಕಿರತಕ್ಕದ್ದೆಂದು ಬರೆಸಿಕೊಂಡ ಕರಾರು. ಕೆಳಗೆ ಹೆಬ್ಬೆಟ್ಟಿನ ಗುರುತು. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ 1976ರಲ್ಲಿ ಬಂದಿತು. ಅದಕ್ಕೆ ಮೊದಲು ಇಂಥ ಕರಾರುಗಳು ನಾಡಿನ ಎಷ್ಟೋ ಮನೆಗಳಲ್ಲಿ ಇದ್ದುವು. ಆ ಹೆಬ್ಬೆಟ್ಟಿನವನ ಮೊಮ್ಮಕ್ಕಳು ಅದೇ ಊರಿನಲ್ಲಿದ್ದಾರೆ. ಒಬ್ಬ ಹುಡುಗಿ ತುಮಕೂರಿನಲ್ಲಿ ಓದುತ್ತಿದ್ದಾಳೆ.

“ದಿನಾ ಲಿಂಗಪೂಜೆ ಮಾಡೋ ಮನೆ ಇದು. ಇದನ್ನ ಯಾರಾದ್ರೂ ಓದಿದ್ರೆ ಏನಂದಾರು?” ಎಂದು ಅವರು ಕೇಳಿದರು.

ಇದು ಕಾಗದದ ಪ್ರಶ್ನೆಯಲ್ಲ. ಇಲ್ಲಿ ನಿಂತು ಯೋಚಿಸಬೇಕು. ಕಾಯಕವನ್ನು ಪೂಜೆಗಿಂತ ಮಿಗಿಲೆಂದ ಶರಣರ ಪರಂಪರೆಯವರೆಂದು ಹೇಳಿಕೊಳ್ಳುವ ಮನೆಯಲ್ಲಿ ಇನ್ನೊಬ್ಬನ ಕಾಯವನ್ನೇ ಒತ್ತೆಯಿಟ್ಟುಕೊಂಡ ಪತ್ರ ಸಿಕ್ಕಿದೆ. ಸುಟ್ಟರೆ ಮನೆಯ ಮಾನ ಉಳಿಯುವುದೆಂದು ತೋರುತ್ತದೆ. ಆದರೆ ಆ ಕಾಗದವು ಯಾರದು? ಬರೆಸಿಕೊಂಡವರ ಮನೆಯಲ್ಲಿದ್ದ ಮಾತ್ರಕ್ಕೆ ಅದು ಅವರದಾಗದು. ಅಕ್ಷರವಿಲ್ಲದ ಆ ಮನುಷ್ಯನು ಈ ಲೋಕದಲ್ಲಿ ಬಿಟ್ಟುಹೋದ ಗುರುತು ಬಹುಶಃ ಆ ಹೆಬ್ಬೆಟ್ಟು ಒಂದೇ. ಅವನ ಕಡೆಯವರು ಪತ್ರ ಬರೆಯಲಿಲ್ಲ, ಕಡತವಿಡಲಿಲ್ಲ. ಅವರ ಮನೆಯ ಅಟ್ಟದಲ್ಲಿ ಹುಡುಕಿದರೆ ಏನೂ ಸಿಗದು. ಅವರ ಚರಿತ್ರೆಯೂ ಈ ಮನೆಯ ಗಂಟಿನೊಳಗೇ ಇದೆ. ನಮ್ಮ ಮಾನಕ್ಕಾಗಿ ಅದನ್ನು ಸುಡುವುದೆಂದರೆ ಅವನನ್ನು ಎರಡನೆಯ ಸಲ ಜೀತಕ್ಕೆ ತಳ್ಳಿದಂತೆ.

ಬಸವಣ್ಣನವರು ಬಿಜ್ಜಳನ ಭಂಡಾರವನ್ನು ಶರಣರಿಗೆ ಸೂರೆಮಾಡಿದರೆಂದು ಕೊಂಡೆಯರು ದೂರಿದಾಗ, ಅವರು ಲೆಕ್ಕವನ್ನು ಬಿಚ್ಚಿ ಒಪ್ಪಿಸಿದ ಪ್ರಸಂಗವನ್ನು ನಮ್ಮ ಪುರಾಣಗಳು ವರ್ಣಿಸುತ್ತವೆ. ಪುರಾಣವು ಅಲ್ಲಿಯ ಪವಾಡವನ್ನು ಹಿಗ್ಗಿ ಹೇಳುತ್ತದೆ. ನನಗೆ ಆ ಪ್ರಸಂಗದಲ್ಲಿ ಹಿಡಿಸಿದುದು ಬೇರೆ. ದೂರು ಬಂದಾಗ ಕರಣಿಕನಾದವನು ಲೆಕ್ಕದ ಪುಸ್ತಕವನ್ನು ಅಡಗಿಸಲಿಲ್ಲ. ಆ ಪ್ರಸಂಗದಲ್ಲಿ ಲೆಕ್ಕ ಸರಿಯಾಗಿತ್ತು. ನಮ್ಮ ತಾತಂದಿರ ಲೆಕ್ಕ ಸರಿಯಿಲ್ಲದಿರುವಾಗ ಬಿಚ್ಚುವುದು ಹೆಚ್ಚು ಕಷ್ಟವೆಂಬುದನ್ನು ನಾನು ಒಪ್ಪುತ್ತೇನೆ. ಕಷ್ಟವೆಂದು ಅವರಿಗೂ ಹೇಳಿದೆ.

ಹಾಗೆಂದು ಅದನ್ನು ಊರ ಚಾವಡಿಯಲ್ಲಿ ಓದಿಸಬೇಕೆಂದೂ ಅಲ್ಲ. ಅದರಲ್ಲಿ ಇನ್ನೊಬ್ಬರ ಬಡತನವಿದೆ, ಇನ್ನೊಬ್ಬರ ಹೆಣ್ಣುಮಗಳ ಮದುವೆಯ ಸಾಲವಿದೆ. ಅದನ್ನು ಬಯಲಿಗೆ ತರುವ ಅಧಿಕಾರವು ಮೊದಲು ಆ ಕುಟುಂಬದ್ದು. ದೊಡ್ಡ ಪತ್ರಾಗಾರಗಳಲ್ಲಿಯೂ ಖಾಸಗಿ ಪತ್ರಗಳನ್ನು ಕೆಲವು ಕಾಲ ಮುಚ್ಚಿಡುವ, ಸಂಬಂಧಪಟ್ಟವರ ಒಪ್ಪಿಗೆಯಿಂದ ತೆರೆಯುವ ಕ್ರಮವಿದೆ. ಕಾಪಾಡುವುದು ಬೇರೆ, ಪ್ರಕಟಿಸುವುದು ಬೇರೆ. ಸುಟ್ಟಮೇಲೆ ಮಾತ್ರ ಎರಡಕ್ಕೂ ಅವಕಾಶವಿಲ್ಲ.

ಯಜಮಾನರು ಅದಕ್ಕೆ ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಸೊಸೆಯನ್ನು ಕರೆದು ಒಣಗಿದ ಹಳೆಯ ಪಂಚೆಯೊಂದನ್ನು ತರಿಸಿದರು. ಕಡತಗಳನ್ನು, ಕಾರ್ಡುಗಳನ್ನು, ಚೀಟಿಗಳನ್ನು ಇದ್ದ ಹಾಗೆಯೇ ಅದರಲ್ಲಿ ಇಟ್ಟು, ಜೀತದ ಪತ್ರವನ್ನು ತೆಗೆದ ಜಾಗದಲ್ಲಿಯೇ ಮತ್ತೆ ಸೇರಿಸಿದರು. ಬೇರೆ ಇಟ್ಟಿದ್ದ ಓಲೆಯ ಕಟ್ಟನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದು, ಅದನ್ನೂ ಆ ಕಾಗದಗಳ ಜೊತೆಯಲ್ಲಿಯೇ ಇಟ್ಟು ಗಂಟು ಕಟ್ಟಿದರು. ಹೊರಡುವಾಗ ಬಾಗಿಲವರೆಗೆ ಬಂದು, ಆ ಹುಡುಗಿ ದೀಪಾವಳಿಗೆ ಊರಿಗೆ ಬರುತ್ತಾಳೆ, ಮೊದಲು ಅವರಪ್ಪನ ಹತ್ತಿರ ಮಾತಾಡಿ ನೋಡುತ್ತೇನೆ ಎಂದರು.